ಬಸ್ಸಿನ ಪಾವಟಿಗೆ ಮೇಲೊಂದು ಕಾಲು

ಆಯಿಯ ಬಲಗಾಲಿನ ಹಿಮ್ಮಡಿ ಬೇಸಿಗೆಯ ಎರಿ ಹೊಲದಂತೆ ಬಿರಿದಿತ್ತು. ಆ ಕಾಲನ್ನು ಬಸ್ಸಿನ ಪಾವಟಿಗೆಯ ಮೇಲೆ ಊರಿ, ಎಡಗಾಲನ್ನು ನೆಲದ ಮೇಲೇ ಇಟ್ಟು, ತಲೆಯ ಮೇಲೆ ಪಲ್ಲೆಯ ಬುಟ್ಟಿ ಹೊತ್ತು ನಿಂತಳೆಂದರೆ, ಡ್ರೈವರ್ ಎಷ್ಟು ಹಾರ್ನ್ ಹೊಡೆದರೂ ಕದಲುತ್ತಿರಲಿಲ್ಲ.

"ಕಾಲ ತಗೀ ಆಯಿ, ಟೈಮ್ ಆತು," ಎಂದು ಕಂಡಕ್ಟರ್ ಗೊಣಗುತ್ತಿದ್ದ.

"ಹುಡುಗ್ಯಾರು ಬರಾಕತ್ತಾರ, ತಡಿ. ನಿನ್ನ ಗಾಡಿ ಏನ್ ದಿಲ್ಲಿಗಿ ಹೊಂಟೈತಿ?"

ಹುಡುಗಿಯರೆಂದರೆ ನಾವು, ಗೋಕಾಕದ ಕಾಲೇಜಿಗೆ ಹೋಗುವವರು. ಕುಲಗೋಡದ ಆಚೆ, ಕಬ್ಬಿನ ನಡುವೆ ನಮ್ಮ ವಸ್ತಿ. ಅಲ್ಲಿಗೆ ಬರುತ್ತಿದ್ದುದು ಅದೊಂದೇ ಬಸ್ಸು. ಆಯಿ ನನಗೆ ಬಳಗದವಳಲ್ಲ. ಬಾಜೂ ಮನೆಯವಳು, ಗೋಕಾಕದಲ್ಲಿ ಪಲ್ಲೆ ಮಾರುವವಳು. ನನಗೆ ಕಾಲೇಜು ಬೇಡವೆಂದು ನಮ್ಮ ಅಬ್ಬಾ ಪಟ್ಟು ಹಿಡಿದಾಗ, "ನನ್ನ ಜೋಡಿ ಹೋಗ್ತಾಳ, ನನ್ನ ಜೋಡಿ ಬರ್ತಾಳ. ಮತ್ತೇನರ ಐತೇನೋ ತಮ್ಮಾ?" ಎಂದು ಅವರ ಬಾಯಿ ಮುಚ್ಚಿಸಿದ್ದಳು. ನಾನಿಂದು ಸಾಲಿಯಲ್ಲಿ ಪಾಠ ಹೇಳುತ್ತಿರುವುದು ಆ ಒಂದು ಮಾತಿನಿಂದ.

ಕೊರೊನಾ ಬಂದಾಗ ಬಸ್ಸು ನಿಂತಿತು. ಕೊರೊನಾ ಹೋಯಿತು, ಬಸ್ಸು ಬರಲಿಲ್ಲ. ಮಂದಿ ಸಾಲದು, ಲುಕ್ಸಾನು ಎಂದರು ಡಿಪೋದವರು. ನನ್ನ ನಂತರದ ಹುಡುಗಿಯರನ್ನು ಆಯಿ, ಆಳೆತ್ತರದ ಕಬ್ಬಿನ ನಡುವೆ ಕುಲಗೋಡದ ಬಸ್ಸಿನವರೆಗೆ ನಡೆಸಿಕೊಂಡು ಹೋಗತೊಡಗಿದಳು. ಅವಳಿಲ್ಲದೆ ಆ ದಾರಿಗೆ ಯಾವ ತಾಯಿಯೂ ಮಗಳನ್ನು ಕಳಿಸುತ್ತಿರಲಿಲ್ಲ.

ಆಗಲೇ ನಮ್ಮ ಸಾವುಕಾರರಿಗೆ ಪುಣ್ಯದ ಹುಚ್ಚು ಹಿಡಿಯಿತು. ಬಡ ಹೆಂಗಸರನ್ನು ಬೆಳಗಾವಿಯಿಂದ ಬೆಂಗಳೂರಿಗೆ ವಿಮಾನದಲ್ಲಿ ಕರೆದೊಯ್ದರು. ಆಯಿಯೂ ಹೋದಳು. ಮರಳಿದ ಮೇಲೆ ಸಭೆ, ಶಾಲು, ಹಾರ. ಮೈಕು ಆಯಿಯ ಕೈಗೆ ಬಂತು.

"ವಿಮಾನ ಭಾಳ ಚಲೋ ಐತ್ರಿ. ಚಾ ಕುಡಿಯೂದ್ರಾಗ ಬೆಂಗಳೂರ ಬಂತು. ಖರೆ, ರಾತ್ರಿ ರೈಲಿನ್ಯಾಗ ಮಲಗಿದ್ರ ಮುಂಜಾನಿ ಬರೋ ಊರಿಗಿ ಹಾರಿಕೊಂಡ ಹೋಗೋರು ರೊಕ್ಕ ಇದ್ದವ್ರ ಇರಬೇಕು. ಅವ್ರ ಟಿಕೀಟಿನ ಮ್ಯಾಲ ಒಂದೀಟ ತೆರಿಗಿ ಹೆಚ್ಚ ಹಚ್ರಿ. ಆ ರೊಕ್ಕದಾಗ ನಮ್ಮ ಬಸ್ ಬಿಡಸ್ರಿ."

ಸಭೆ ಬಿದ್ದು ಬಿದ್ದು ನಕ್ಕಿತು. ಎಲ್ಲರಿಗಿಂತ ಜೋರಾಗಿ ನಕ್ಕವರು ಸಾವುಕಾರರೇ. ಯಾರೋ ಮೊಬೈಲಿನಲ್ಲಿ ಹಿಡಿದು ಹರಿಬಿಟ್ಟರು. ಮುದುಕಿಯ ಮಾತಿಗೆ ಮೂಡಲಗಿಯಿಂದ ಹುಕ್ಕೇರಿಯವರೆಗೆ ನಗು.

"ನಗೂವಂಥಾದ್ದು ಏನಿತ್ತ ಅದರಾಗ?" ಎಂದು ಆಯಿ ನನ್ನನ್ನು ಕೇಳಿದಳು. ಅವಳು ಚೇಷ್ಟೆ ಮಾಡಿರಲಿಲ್ಲ. ವಿಮಾನದಲ್ಲಿ ಹೋಗುವವರ ಟಿಕೀಟಿಗೆ ಸರಕಾರವೇ ಸಬ್ಸಿಡಿ ಕೊಡುತ್ತದಂತೆ. ಲುಕ್ಸಾನು ನೆನಪಾಗುವುದು ನಮ್ಮ ಬಸ್ಸಿಗೆ ಮಾತ್ರ. ನನಗೆ ಸಿಟ್ಟು ಬಂದಿತ್ತು, ಇವತ್ತಿಗೂ ಇಳಿದಿಲ್ಲ.

ಮುಂದಿನ ಮಳೆಗಾಲದಲ್ಲಿ ಅದೇ ದಾರಿಯ ಕೆಸರಿನಲ್ಲಿ ಜಾರಿ ಆಯಿಯ ಬಲಗಾಲು ಮುರಿಯಿತು. ಘಟಪ್ರಭಾದ ದವಾಖಾನೆಯಲ್ಲಿ ಪಟ್ಟಿ ಹಾಕಿಸಿಕೊಂಡು ಬಂದವಳು ಹಾಸಿಗೆ ಬಿಟ್ಟು ಏಳಲಿಲ್ಲ.

"ಹುಡುಗ್ಯಾರು ಹೋದ್ರೇನ?" ಎಂದು ದಿನಾ ಕೇಳುತ್ತಿದ್ದಳು.

ಹೋಗಿರಲಿಲ್ಲ. ಒಬ್ಬಳ ಮದುವೆ ನಿಶ್ಚಯವಾಗಿತ್ತು, ಇನ್ನೊಬ್ಬಳು ಕಬ್ಬಿನ ಕಳೆ ತೆಗೆಯಲು ಹೊರಟಿದ್ದಳು. "ಹೋದ್ರು ಆಯಿ," ಎಂದು ನಾವೆಲ್ಲ ಸುಳ್ಳು ಹೇಳಿದೆವು. ನಂಬಿ ಸತ್ತಳೋ, ತಿಳಿದೇ ಸತ್ತಳೋ, ನನಗೆ ಗೊತ್ತಿಲ್ಲ.

ಸಾವುಕಾರರು ಶ್ರದ್ಧಾಂಜಲಿಯ ಬ್ಯಾನರ್ ಕಟ್ಟಿಸಿದ್ದಾರೆ, ಬಸ್ಸು ಬಾರದ ಬಸ್ ಸ್ಟ್ಯಾಂಡಿನಲ್ಲೇ. ವಿಮಾನದ ಮುಂದೆ ತೆಗೆಸಿದ ಫೋಟೋ. 'ವಿಮಾನ ಏರಿದ ನಮ್ಮ ಆಯಿ' ಎಂದು ದಪ್ಪ ಅಕ್ಷರ. ಬಾಜೂಕ ಸಾವುಕಾರರು ನಗುತ್ತ ನಿಂತಿದ್ದಾರೆ. ಕೆಳಗೆ ಅವರ ಹೆಸರಿಗೆ ಜಾಗ ಸಾಲಲಿಲ್ಲವೆಂದು ಆಯಿಯನ್ನು ಮೊಣಕಾಲಿಗೇ ಕತ್ತರಿಸಿಬಿಟ್ಟಿದ್ದಾರೆ.