ಬಾಣಂತಿಯ ಕಂಬಳಿ

ನಮ್ಮೂರ ಚಿನ್ನದ ಗಣಿ ಮೈಸೂರು ಮೈನ್ಸ್‌ನ ಸೈರನ್ ನಿಂತು ಎಷ್ಟೋ ವರ್ಷಗಳಾದವು. ಬೆಳಗಿನ ಅರೆನಿದ್ದೆಯಲ್ಲಿ ನನಗದು ಈಗಲೂ ಕೇಳುತ್ತದೆ. ಮೊದಲು ನೆಲದೊಳಗಿಂದ ಸಣ್ಣಗೆ, ಆಮೇಲೆ ಊರನ್ನೇ ಎತ್ತಿ ಹಿಡಿದಂತೆ. ಪಾಳಿಗೆ ಕೂಗಿದರೆ ಗಡಿಯಾರ ಸರಿಮಾಡಿಕೊಳ್ಳುತ್ತಿದ್ದೆವು. ಹೊತ್ತಲ್ಲದ ಹೊತ್ತಿನಲ್ಲಿ ಕೂಗಿದರೆ ಒಳಗೆ ಅನಾಹುತವೆಂದೇ ಅರ್ಥ, ಹೆಂಗಸರು ಒಲೆಯ ಮೇಲಿನದನ್ನು ಹಾಗೇ ಬಿಟ್ಟು ಗಣಿಯ ಬಾಯಿಗೆ ಓಡುತ್ತಿದ್ದರು.

ಇವತ್ತು ಅದನ್ನು ನೆನಪಿಗೆ ತಂದದ್ದು ಒಂದು ಶಾಲು. ಟ್ರಂಕ್ ತೆರೆದೆ, ಹಾಲಿನ, ಸೌದೆ ಹೊಗೆಯ ವಾಸನೆ. ಮುನಿಯಮ್ಮ! ಬಂಗಾರಪೇಟೆ ಪಕ್ಕದ ಹಳ್ಳಿಯಿಂದ ರೈಲಿನಲ್ಲಿ ಬಂದು ಗಣಿಯ ಕೋರಮಂಡಲ್ ಬಡಾವಣೆಯ ನಮ್ಮ ಬೀದಿಗೆಲ್ಲ ಹಾಲು ಹಾಕುತ್ತಿದ್ದವಳು. ನಾವಿಬ್ಬರೂ ಬೆಂಗಳೂರಿಗೆ ಹೋಗಿಬಂದ ಮಾರನೆಯ ಬೆಳಗ್ಗೆ, ನಿದ್ದೆಯಲ್ಲೇ ಹೋಗಿಬಿಟ್ಟಳು.

ಅದಕ್ಕೆ ಮೊದಲು ಒಮ್ಮೆ ಸಾವಿನ ಬಾಗಿಲಿಗೆ ಹೋಗಿ ಬಂದಿದ್ದಳು. ಕಾಲಿನ ಗಾಯ ಕೀವಾಗಿ ಸೆಪ್ಸಿಸ್ ಆಗಿತ್ತು. ಸೋಂಕಿನೊಡನೆ ಹೋರಾಡುತ್ತ ಮೈ ತನ್ನನ್ನೇ ಕೆಡಿಸಿಕೊಳ್ಳುವ ಕಾಯಿಲೆ. ನಡುಕ ಹತ್ತಿ ಮಾತು ತೊದಲಿದ ಕೂಡಲೇ ಸೊಸೆ ಆಟೋಗೆ ಹಾಕಿಕೊಂಡು ಆಸ್ಪತ್ರೆಗೆ ಓಡಿದ್ದರಿಂದ ಉಳಿದಳು. ಆಮೇಲೆ ಬೆಂಗಳೂರಿನಲ್ಲಿ ದೇಶದೇಶದ ಡಾಕ್ಟರುಗಳು ಈ ಕಾಯಿಲೆಗೆಂದೇ ಮೀಟಿಂಗ್ ಸೇರಿದರು. ಬದುಕಿ ಬಂದವರೂ ಮಾತಾಡಲಿ ಎಂದು ಅವಳನ್ನು ಕರೆದರು. ಅವಳ ಮಾತನ್ನು ಇಂಗ್ಲಿಷಿಗೆ ತಿರುಗಿಸಲು ನಾನು.

"ನೀವು ಬಂದ್ರೇನೇ ನಾನು ಓಗೋದು ಟೀಚರಮ್ಮ. ನಮ್ಮಕ್ಕನ್ ವಿಸ್ಯ ಕೇಳ್ಬೇಕು."

ಅಕ್ಕನ ವಿಷಯ ನನಗೆ ಗೊತ್ತಿತ್ತು. ಹಸಿ ಬಾಣಂತಿಗೆ ಚಳಿ ಹತ್ತಿತ್ತು. ಗಾಳಿ ಸೋಕಬಾರದೆಂದು ಕಿಟಕಿ ಮುಚ್ಚಿ, ಮಂಚದ ಕೆಳಗೆ ಕೆಂಡ ಇಟ್ಟರು. ಅಪ್ಪನ ಕರಿಕಂಬಳಿ ತಂದು ತಲೆತನಕ ಮುಚ್ಚಿದವಳು ಪುಟ್ಟ ಮುನಿಯಮ್ಮ. ನಡುಕ ನಿಂತಾಗ ಎಲ್ಲರೂ ವಾಸಿಯಾಯಿತು ಅಂದುಕೊಂಡರು. ಯಾವ ಸೈರನ್ನೂ ಕೂಗಲಿಲ್ಲ.

ಮೀಟಿಂಗ್ ನಡೆದ ಹೋಟೆಲಿನ ಕಾಫಿ ಕುಡಿದು, "ಈ ಎಮ್ಮೆ ಕೆರೇಲೇ ಮನ್ಗಿತ್ತಾ ಟೀಚರಮ್ಮ? ಬರೀ ನೀರು!" ಎಂದಳು. ನನ್ನ ಕಾನ್ವೆಂಟ್ ಇಂಗ್ಲಿಷಿನ ಜಂಬವೂ ಅಲ್ಲೇ ಇಳಿಯಿತು, ನಾನು ಬಾಯಿ ತೆರೆದಾಗಲೆಲ್ಲ ಯಾರಾದರೊಬ್ಬರು "ಪಾರ್ಡನ್?" ಎನ್ನುತ್ತಿದ್ದರು.

ಅವಳ ಸರದಿ ಬಂತು. ಕಾಲಿನ ಕತೆ ಎರಡೇ ಮಾತಿನಲ್ಲಿ ಮುಗಿಸಿ ಕೇಳಿದಳು: "ನಮ್ಮಕ್ಕನ್ನ ನಾನು ಮುಚ್ಚಿದ್ ಕಂಬ್ಳೀನೇ ಸಾಯ್ಸ್ತಾ?"

ಅದನ್ನು ಇಂಗ್ಲಿಷಿನಲ್ಲಿ ಹೇಳಿದೆ. ಆಫ್ರಿಕಾದಿಂದ ಬಂದಿದ್ದ ಡಾಕ್ಟರಮ್ಮ ಒಬ್ಬರು ಎದ್ದು ಬಂದು ಅವಳ ಪಕ್ಕದಲ್ಲೇ ಕೂತರು. ಕಂಬಳಿ ಕೊಲ್ಲಲಿಲ್ಲ, ಕಾಯಿಲೆ ಮೊದಲೇ ಒಳಗಿತ್ತು ಎಂದರು. ಬೇಗ ಆಸ್ಪತ್ರೆಗೆ ತಂದಿದ್ದರೆ ಉಳಿಯುತ್ತಿದ್ದಳೇನೋ ಎಂದೂ ಅಂದರು. ಮೊದಲನೆಯದನ್ನು ಮಾತ್ರ ನಾನು ಅವಳಿಗೆ ಕನ್ನಡದಲ್ಲಿ ಹೇಳಿದೆ.

"ಏನೋ ನುಂಗುದ್ರಲ್ಲ ಟೀಚರಮ್ಮ. ಅದ್ನೂ ಆಚೆಗೆ ಬುಡಿ."

ಹೇಳಿದೆ. ಅವಳು ತನ್ನ ಅಂಗೈಗಳನ್ನೇ ನೋಡುತ್ತ ಕೂತಳು. ಡಾಕ್ಟರಮ್ಮ ಮೆಲ್ಲಗೆ, "ನಮ್ಮಲ್ಲೂ ಹೊದಿಸುತ್ತೇವೆ. ನನ್ನ ಅಮ್ಮನಿಗೂ ಹೊದಿಸಿದ್ದರು" ಎಂದರು.

"ಅವ್ರಮ್ಮಂಗೂವಾ? ಏನು ಮುಚ್ಚಿದ್ರಂತೆ, ಕೇಳಿ."

ಡಾಕ್ಟರಮ್ಮ ಗಾಳಿಯಲ್ಲೇ ಒಂದು ದಪ್ಪ ಬಟ್ಟೆ ಬಿಡಿಸಿ, ಅಂಚು ಹಿಡಿದು ಕತ್ತಿನತನಕ ಎಳೆದು ತೋರಿಸಿದರು. ಮುನಿಯಮ್ಮ ಆ ಕೈ ಹಿಡಿದುಕೊಂಡಳು. ಅವಳು ತನ್ನ ಭಾಷೆಯಲ್ಲಿ, ಅವರು ತಮ್ಮದರಲ್ಲಿ ಏನೇನೋ ಮಾತಾಡಿಕೊಂಡರು. ನನ್ನನ್ನು ಯಾರೂ ಕೇಳಲಿಲ್ಲ. ಹಿಂದೆ ಪರದೆಯ ಮೇಲೆ ಭೂಪಟ ಹೊಳೆಯುತ್ತಿತ್ತು. ಕನಸಿನಲ್ಲಿ ಕಂಡಂತೆ, ಅದರ ತುಂಬ ಕಿಟಕಿ ಮುಚ್ಚಿದ ಪುಟ್ಟ ಪುಟ್ಟ ಕೋಣೆಗಳು ನನಗೆ ಕಂಡವು.

ಸಂಜೆಯ ರೈಲಿನಲ್ಲಿ ಗಾಳಿಗೆ ನಾನು ನಡುಗಿದೆ. ಅವಳ ಕೈ ಮೊದಲು ನನ್ನ ಹಣೆಗೆ ಬಂತು, ಆಮೇಲೆ ಕತ್ತಿಗೆ.

"ಬಿಸಿ ಇಲ್ಲ. ಏನಾನ ಮಾತಾಡಿ, ನೋಡಣ."

"ಏನು ಮಾತಾಡಲಿ?"

"ನಿಮ್ ಇಂಗ್ಲೀಸೇ ಬುಡಿ."

"ದಿ ಟ್ರೇನ್ ಈಸ್ ಲೇಟ್" ಎಂದೆ.

"ಸರಿ, ಟೀಚರಮ್ಮ ನೆಟ್ಟಗವ್ರೆ!" ನಕ್ಕು, ಆಮೇಲೆ ತನ್ನ ಶಾಲು ತೆಗೆದು ನನಗೆ ಹೊದಿಸಿದಳು.

ಈಗ ಆ ಶಾಲು ಹೊದೆಯುವ ಮೊದಲು ನನ್ನ ಹಣೆ ನಾನೇ ಮುಟ್ಟಿ ನೋಡಿಕೊಂಡೆ. ಅವತ್ತು ಬಂಗಾರಪೇಟೆಯಲ್ಲಿ ಅವಳು ಇಳಿದ ಮೇಲೆ ನೆನಪಾಗಿ, ಕಿಟಕಿಯಿಂದ ಇದನ್ನು ಚಾಚಿದ್ದೆ. ರೈಲು ಹೊರಟಿತ್ತು. ಪ್ಲಾಟ್‌ಫಾರ್ಮಿನ ದೀಪದಡಿ ಕುಂಟುತ್ತ ಕುಂಟುತ್ತ ಜೊತೆಗೆ ಬಂದಳು, ಕೈ ಮಾತ್ರ ಚಾಚಲಿಲ್ಲ.

"ಇರ್ಲಿ ಬುಡಿ, ಗಾಳಿ ಐತೆ. ಬೆಳಿಗ್ಗೆ ಆಲು ಆಕಕ್ಕೆ ಬತ್ತೀನಲ್ಲ, ಆಗ ಇಸ್ಕೊಂತೀನಿ."