ತವರಿನ ಬಿತ್ತನೆ ಭತ್ತ

ಮೂಡಿಗೆರೆ ದಾರಿಯ ಗದ್ದೆಯೊಂದರಲ್ಲಿ ಇವತ್ತು ಊದುಬತ್ತಿಯಂತೆ ಸೆಟೆದ ಬೂದು ತೆನೆಗಳನ್ನು ಕಂಡು ಬೈಕ್ ನಿಲ್ಲಿಸಿದೆ.

ನಾನು ಚಿಕ್ಕವನಿದ್ದಾಗ ಅಪ್ಪನ ತಂಗಿ, ನಮ್ಮತ್ತೆಯನ್ನು ಕಳಸದ ಮನೆಯೊಂದಕ್ಕೆ ಮದುವೆ ಮಾಡಿ ಕೊಟ್ಟರು. ಮೊದಲ ಮಳೆಗಾಲಕ್ಕೆ ಅಜ್ಜಿ ನಮ್ಮ ಗದ್ದೆಯ ಬಿತ್ತನೆ ಭತ್ತವನ್ನು ಚೀಲಕ್ಕೆ ಅರಿಸಿನ ಹಚ್ಚಿ ಮಗಳ ಮನೆಗೆ ಕಳಿಸಿದರು. ತೆನೆ ಬರುವ ಹೊತ್ತಿಗೆ ಅತ್ತೆಯ ಮಾವ ಒಂದು ಹಿಡಿ ಬೂದು ತೆನೆ ತಂದು ನಮ್ಮ ಜಗಲಿಯ ಮೇಲಿಟ್ಟರು. ಒಂದರಲ್ಲೂ ಕಾಳಿರಲಿಲ್ಲ.

"ತಗೊಳ್ಳಿ ಬೀಗಿತ್ತಿ, ನೀವು ಕೊಟ್ಟ ಊದುಬತ್ತಿ. ದೇವ್ರಿಗೆ ಹಚ್ಚಿ."

ಅವರು ಹೋದ ಮೇಲೆ ಅಪ್ಪ ಕೇಳಿದರು. "ಅಮ್ಮಾ, ನಮ್ ಗದ್ದೇಲೂ ಹಿಂಗಿತ್ತಾ?"

"ನಾಲ್ಕೇ ತೆನೆ ಮಾರಾಯ. ಕಿತ್ತು ಬಿಸಾಡಿದ್ನಲ್ಲ, ಉಳಿದಿದ್ದು ಚೆನ್ನಾಗಿದೆ ಅಂದ್ಕೊಂಡೆ," ಎಂದರು ಅಜ್ಜಿ.

ಆ ದೀಪಾವಳಿಗೆ ಗಂಡನ ಮನೆಯವರು ಅತ್ತೆಯನ್ನು ಕಳಿಸಲಿಲ್ಲ. ಅವರು ಮತ್ತೆ ತವರಿಗೆ ಬಂದದ್ದು ಅಜ್ಜಿ ತೀರಿಕೊಂಡ ದಿನವೇ.

ಬೈಕ್ ಇಳಿದು ಗದ್ದೆಯ ಯಜಮಾನರನ್ನು ಕರೆದು, ಈ ರೋಗ ಬೀಜದ ಜೊತೆಗೇ ಹೋಗುತ್ತೆ, ಚೆನ್ನಾಗಿ ಕಂಡರೂ ಈ ಭತ್ತವನ್ನು ಬೀಜಕ್ಕೆ ಯಾರಿಗೂ ಕೊಡಬೇಡಿ ಎಂದೆ. ಗುರುತಿಲ್ಲದ ನನ್ನನ್ನು ಅವರು ಅನುಮಾನದಿಂದ ನೋಡಿದರು.