ಭಾವನ ಹುಲ್ಲುಹಾಸಿನ ಸೊಪ್ಪು

ಆ ಬೀದಿಯ ಅರ್ಧಕ್ಕರ್ಧ ಜನಕ್ಕೆ ಕಾರು ಓಡಿಸಲು ಕಲಿಸಿದವಳು ಬ್ರೇಕಮ್ಮ. ಹೆತ್ತವರು ಇಟ್ಟ ಹೆಸರು ಬೇರೆಯೇ ಇತ್ತು. ಆದರೆ ಅವಳ ಕಾರಿನಲ್ಲಿ ಕಲಿಯುವವರ ಕಾಲಡಿ ಒಂದು ಬ್ರೇಕು, ಅವಳ ಕಾಲಡಿ ಇನ್ನೊಂದು ಬ್ರೇಕು ಇದ್ದು, ಯಾವಾಗಲೂ ಅವಳದ್ದೇ ಮೊದಲು ಬೀಳುತ್ತಿದ್ದುದರಿಂದ ಶಿಷ್ಯರು ಇಟ್ಟ ಹೆಸರೇ ಗಟ್ಟಿಯಾಯಿತು. ಬೇಕರಿಯವನು, ಹಲ್ಲಿನ ಡಾಕ್ಟರು, ಮೂಲೆಮನೆಯ ನರ್ಸು, ಎಲ್ಲರೂ ಅವಳಿಂದ ಬೈಸಿಕೊಂಡೇ ಲೈಸೆನ್ಸ್ ಪಡೆದವರು. ಗಂಡ ತೀರಿಕೊಂಡಾಗಲೂ ನಿಲ್ಲದ ಆ ಕೆಲಸ ಮಂಡಿ ಕೈಕೊಟ್ಟಾಗ ನಿಂತಿತು. ಕಾರನ್ನು ಮಾರಿದಳು.

ಕಾರು ಹೋದ ಮೇಲೆ ಗೇಟಿನ ಪಕ್ಕದ ಜಾಗ ಬೋಳಾಯಿತು. ಎಣ್ಣೆ ಕುಡಿದ ಮಣ್ಣನ್ನು ಆಳವಾಗಿ ಅಗೆಸಿ ಸಾಗಿಸಿ, ಹೊಸ ಮಣ್ಣು ತುಂಬಿಸಿ, ಮೇಲೆ ಟೈಲ್ಸ್ ಹಾಕಿಸುವುದೆಂದು ಅವಳು ತೀರ್ಮಾನಿಸಿದಳು. ಮಣ್ಣು ಬಂತು. ಟೈಲ್ಸ್ ಹಾಕುವ ಮೇಸ್ತ್ರಿ ಮಾತ್ರ "ನಾಳೆ ಬರ್ತೀನಿ" ಅಂದ. ಆ ನಾಳೆ ಮಳೆಗಾಲ ಮುಗಿದರೂ ಬರಲಿಲ್ಲ. ಅವನ ಬದಲಿಗೆ ಗಿಡಗಳು ಬಂದವು. ಯಾರೂ ಬಿತ್ತದೆ, ಯಾರೂ ಕರೆಯದೆ, ಎಣ್ಣೆ ಸವರಿದಂತೆ ಹೊಳೆಯುವ ದಪ್ಪೆಲೆಯ ಗೋಣಿಸೊಪ್ಪು, ಮೂರೆಲೆಯ ಹುಳಿಸೊಪ್ಪು, ಕೆಂಪು ದಂಟಿನ ಕಾಡುಹರಿವೆ. ಒಂದು ಬೆಳಿಗ್ಗೆ ಮೆಟ್ಟಿಲ ಮೇಲೆ ಕೂತು ಮೇಸ್ತ್ರಿಗೆ ಶಾಪ ಹಾಕುತ್ತಿದ್ದವಳು ಏನೂ ಯೋಚಿಸದೆ ಒಂದು ಎಲೆ ಕಿತ್ತು ಬಾಯಿಗಿಟ್ಟಳು. ಚಿಕ್ಕವಳಿದ್ದಾಗ ಶಾಲೆಯ ಗೋಡೆ ಬುಡದಲ್ಲಿ ಕದ್ದು ಮೆದ್ದ ಹುಳಿ ನಾಲಿಗೆಗೆ ತಟ್ಟಿತು. ಒಳಗೆ ಹೋಗಿ ಮೇಸ್ತ್ರಿಗೆ ಫೋನ್ ಮಾಡಿ, "ನೀನು ಬರೋದೇ ಬೇಡಪ್ಪ" ಅಂದಳು. ಅವನು ಮರುದಿನವೇ ಬಂದ. ಗೇಟಿನಲ್ಲೇ ಸಾಗಹಾಕಿದಳು.

ಅಲ್ಲಿಂದ ಬ್ರೇಕಮ್ಮನಿಗೆ ಸೊಪ್ಪಿನ ಹುಚ್ಚು ಹಿಡಿಯಿತು. ಸಂತೆಯ ಮುದುಕಿಯರನ್ನು ಕೇಳಿದಳು, ಗ್ರಂಥಾಲಯದಲ್ಲಿ ಚಿತ್ರ ನೋಡಿದಳು, ಖಚಿತವಾಗದ ಗಿಡವನ್ನು ಮುಟ್ಟಲಿಲ್ಲ. ನೆಲದ ಸ್ವಂತ ಗಿಡಗಳಾದ್ದರಿಂದ ಅವಕ್ಕೆ ಗೊಬ್ಬರ ಬೇಡ, ಉಪಚಾರ ಬೇಡ. ಶಿಷ್ಯರಿಗಿಂತ ಇವೇ ವಾಸಿ ಅನ್ನಿಸಿತು.

ಪಕ್ಕದ ಮನೆ ಅಕ್ಕನದು. ಅಕ್ಕನ ಗಂಡ, ಅಂದರೆ ಅವಳ ಭಾವ, ಊರ ಮನೆಗಳ ನೀರಿನ ಮೀಟರ್ ಓದುತ್ತಲೇ ನಿವೃತ್ತನಾದವನು. ಪರರ ಅಂಗಳ ಇಣುಕುವುದು ಅವನ ಕಣ್ಣಿಗೆ ಅಂಟಿದ ಚಾಳಿ. ಈಗ ಅವನ ಸರ್ವಸ್ವವೆಂದರೆ ಮನೆ ಮುಂದಿನ ಹುಲ್ಲುಹಾಸು. ಅದರ ಅಂಚನ್ನು ಅವನು ಕತ್ತರಿಯಲ್ಲಿ ಸಮ ಮಾಡುತ್ತಿದ್ದ. ತನ್ನ ಮೀಸೆಗೂ ಅಷ್ಟು ಮುತುವರ್ಜಿ ತೋರಿದವನಲ್ಲ.

ಒಮ್ಮೆ ಮಂಡಿ ತೋರಿಸಲು ಆಸ್ಪತ್ರೆಗೆ ಹೋದ ಬ್ರೇಕಮ್ಮ ಸಂಜೆ ಮರಳಿದಾಗ ಗೇಟಿನ ಪಕ್ಕ ಒಂದೆಲೆಯೂ ಇರಲಿಲ್ಲ. ಭಾವ ಸನಿಕೆಗೆ ಒರಗಿ ನಿಂತಿದ್ದ.

"ಕಳೆ ತುಂಬಿ ಕಾಡಾಗಿತ್ತು ಕಣೇ. ನಿನಗೆ ಬಗ್ಗೋಕಾಗಲ್ಲ ಅಂತ ನಾನೇ ಕ್ಷೌರ ಮಾಡ್ಬಿಟ್ಟೆ."

ಅವಳ ಹೊಟ್ಟೆಯಲ್ಲಿ ಬೆಂಕಿ ಬಿತ್ತು. ಮುಖದಲ್ಲಿ ಮಾತ್ರ ಬೆಣ್ಣೆ. "ಎಷ್ಟು ಕಷ್ಟಪಟ್ಟಿದ್ದೀರಿ ಭಾವ. ಈ ಋಣ ಇಟ್ಕೊಳ್ಳಲ್ಲ. ನಿಮ್ಮ ಹುಲ್ಲಲ್ಲಿ ಹುಟ್ಟೋ ಕಳೆನೆಲ್ಲ ಇನ್ಮೇಲೆ ನಾನೇ ಕೀಳ್ತೀನಿ. ಕೂರೋಕೆ ಒಂದು ಸ್ಟೂಲು ಕೊಡಿ, ಸಾಕು."

ಭಾವನಿಗೆ ಸ್ವರ್ಗ ಮೂರೇ ಗೇಣು. ಸ್ಟೂಲಿನ ಮೇಲೆ ದಿಂಬನ್ನೂ ಇಟ್ಟುಕೊಟ್ಟ.

ಹೀಗೆ ಬ್ರೇಕಮ್ಮ ಭಾವನ ಹುಲ್ಲುಹಾಸಿನಲ್ಲಿ ಬಕೆಟ್ಟು ಹಿಡಿದು ಕೂತಳು. ಕಿತ್ತದ್ದರಲ್ಲಿ ತಿನ್ನುವಂಥದ್ದೆಲ್ಲ ತೊಳೆಸಿಕೊಂಡು ಅವಳ ಅಡುಗೆಮನೆ ಸೇರಿತು. ಭಾನುವಾರ ಅಕ್ಕ-ಭಾವ ಇಬ್ಬರನ್ನೂ ಊಟಕ್ಕೆ ಕರೆದು, ಮೊಟ್ಟೆಯ ಜೊತೆ ಬಾಡಿಸಿ, ಸೂಪಿಗೆ ಹಾಕಿ, ಹಸಿಯಾಗಿ ನಿಂಬೆರಸ ಹಿಂಡಿ, ಅವನ ಕಳೆಯನ್ನು ಅವನಿಗೇ ಬಡಿಸಿದಳು.

"ಏನು ಸೊಪ್ಪಿದು? ಎಲ್ಲಿ ಸಿಗುತ್ತೆ?" ಭಾವ ಎರಡನೇ ಸಲ ಬಡಿಸಿಕೊಳ್ಳುತ್ತಾ ಕೇಳಿದ.

"ಹೊರಗಡೆಯಿಂದ ತರಿಸಿದ್ದು ಭಾವ. ಎಲ್ಲರಿಗೂ ಸಿಗಲ್ಲ."

ಅಕ್ಕನಿಗೆ ಸೂಪು ನೆತ್ತಿಗೇರಿ ಕೆಮ್ಮು ಬಂತು. ಅವಳಿಗೆ ಗುಟ್ಟು ಗೊತ್ತಿತ್ತು. ತಂಗಿಯೇ ಆಣೆ ಹಾಕಿಸಿ ಹೇಳಿದ್ದಳು.

ಅಷ್ಟಕ್ಕೇ ನಿಲ್ಲಿಸಿದ್ದರೆ ಚೆನ್ನಾಗಿತ್ತು. ಆದರೆ ಹುಲ್ಲುಹಾಸಿನಲ್ಲಿ ಸೊಪ್ಪು ತೆಳುವಾಗತೊಡಗಿತು, ಭಾವನ ಹಸಿವು ಜಾಸ್ತಿಯಾಗತೊಡಗಿತು. ಗೋಣಿಸೊಪ್ಪಿನ ಬೀಜ ಕಾಡಿಗೆಯ ಪುಡಿಯಷ್ಟು ಸಣ್ಣ. ಬ್ರೇಕಮ್ಮ ಅದನ್ನು ಉಪ್ಪಿನ ಡಬ್ಬಿಗೆ ತುಂಬಿ ಸೆರಗಿನಡಿ ಇಟ್ಟುಕೊಂಡು, ಒಂದು ಕೈಯಲ್ಲಿ ಕಳೆ ಕೀಳುತ್ತಾ ಇನ್ನೊಂದು ಕೈಯಲ್ಲಿ ಉದುರಿಸುತ್ತಾ ಹೋದಳು. ಮಳೆ ಬಿದ್ದದ್ದೇ ತಡ, ಭಾವನ ಹುಲ್ಲುಹಾಸು ಎಲ್ಲೆಲ್ಲೂ ತೇಪೆ ಹಚ್ಚಿದ ಹೊದಿಕೆಯಂತಾಯಿತು.

"ಕಿತ್ತಷ್ಟೂ ಬರ್ತಿದೆಯಲ್ಲೇ ಇದು," ಭಾವ ತಲೆ ಕೆರೆದುಕೊಂಡ. "ಇನ್ನು ತಡೆಯೋಕಾಗಲ್ಲ. ಕಳೆನಾಶಕ ತಂದಿದ್ದೀನಿ, ನಾಳೆ ಹೊಡೆದುಬಿಡ್ತೀನಿ."

ಬ್ರೇಕಮ್ಮ ಇಕ್ಕಟ್ಟಿಗೆ ಸಿಕ್ಕಿದಳು. ಹೇಳಿದರೆ ಮಾನ ಹೋಗುತ್ತದೆ, ಹೇಳದಿದ್ದರೆ ಸೊಪ್ಪು ಹೋಗುತ್ತದೆ. ಮಾನವನ್ನು ಉಳಿಸಿಕೊಂಡು, ಮಂಡಿನೋವಿನ ನೆಪ ಹೇಳಿ ಮನೆಯಲ್ಲೇ ಕೂತಳು. ಮರುದಿನ ಭಾವ ಬೆನ್ನಿಗೆ ಡಬ್ಬಿ ಕಟ್ಟಿಕೊಂಡು, ಮೂಗಿಗೆ ಕರವಸ್ತ್ರ ಬಿಗಿದು, ಶಿಳ್ಳೆ ಹಾಕುತ್ತಾ ಹುಲ್ಲಿನ ತುಂಬ ಸಿಂಪಡಿಸುವುದನ್ನು ಕಿಟಕಿಯಿಂದ ನೋಡಿದಳು. ಅವತ್ತು ಅವಳಿಗೆ ಅನ್ನ ಸೇರಲಿಲ್ಲ.

ಭಾನುವಾರ ಭಾವನೇ ಊಟಕ್ಕೆ ಕರೆದ. ಹುಟ್ಟಿದಂದಿನಿಂದ ಒಲೆ ಹಚ್ಚದವನು ಅಡುಗೆಮನೆಯಿಂದ ದೊಡ್ಡ ಬಟ್ಟಲು ಹಿಡಿದು ಬಂದು ಮೇಜಿನ ನಡುವೆ ಇಟ್ಟ. ಬಟ್ಟಲ ತುಂಬ ಹಸಿ ಸೊಪ್ಪು, ಮೇಲೆ ನಿಂಬೆಹೋಳು.

"ತಿನ್ನು," ಅಂದ ನಾದಿನಿಗೆ. "ಹೊರಗಡೆಯಿಂದ ತರಿಸಿದ್ದು. ಎಲ್ಲರಿಗೂ ಸಿಗಲ್ಲ."

ಅವಳು ಅಕ್ಕನ ಕಡೆ ನೋಡಿದಳು. ಅಕ್ಕ ನೀರಿನ ಲೋಟದೊಳಗೆ ಏನನ್ನೋ ಹುಡುಕುತ್ತಿದ್ದಳು.

"ಭಾವ, ನೀವು ಔಷಧಿ ಹೊಡೆದಿದ್ರಲ್ಲ."

"ಬರೀ ನಲ್ಲಿ ನೀರು. ನಿನ್ನ ಮುಖ ಹೇಗಾಗುತ್ತೆ ನೋಡೋಣ ಅಂತ ಕಿಟಕಿ ಕಡೆಗೇ ತಿರುಗಿ ಹೊಡೆದೆ. ಜೀವಮಾನವೆಲ್ಲ ಮನೆ ಮನೆ ಮೀಟರ್ ನೋಡಿದವನಿಗೆ ನಿನ್ನ ಉಪ್ಪಿನ ಡಬ್ಬಿ ಕಾಣಲ್ವಾ? ಜೊತೆಗೆ ನಿಮ್ಮಕ್ಕ ಮೊದಲನೇ ಭಾನುವಾರವೇ ಎಲ್ಲ ಒಪ್ಪಿಸಿದ್ದಾಳೆ."

"ಆಣೆ ಹಾಕಿದ್ದೆಯಲ್ಲೇ," ಅಂದಳು ಬ್ರೇಕಮ್ಮ.

"ನಿನ್ನ ಮೇಲೆ ಹಾಕಿದ್ದೆ. ಏನೂ ಆಗಿಲ್ವಲ್ಲ, ಚೆನ್ನಾಗೇ ಇದ್ದೀಯಲ್ಲ," ಅಂದಳು ಅಕ್ಕ.

ಭಾವ ಗೆದ್ದವನ ಗತ್ತಿನಲ್ಲಿ ಚಮಚ ತುಂಬಿ ತನ್ನ ಬಾಯಿಯ ಹತ್ತಿರ ತಂದ. ಆಗ ಬ್ರೇಕಮ್ಮನ ಕಣ್ಣು ಚಮಚದ ತುದಿಗೆ ಬಿತ್ತು. ಮುರಿದ ದಂಟೊಂದರ ಕೊನೆಯಲ್ಲಿ ಹಾಲಿನಂಥ ಬಿಳಿ ಹನಿ. ಮೇಜಿನ ಕೆಳಗೆ ಅವಳ ಬಲಗಾಲು ತಾನಾಗಿಯೇ ನೆಲವನ್ನು ಒತ್ತಿತು. ಮೇಲೆ ಕೈ ಚಾಚಿ ಅವನ ಮಣಿಕಟ್ಟು ಹಿಡಿದಳು.

"ನಗಬೇಡಿ ಭಾವ, ತಮಾಷೆಯಲ್ಲ. ಅದನ್ನ ಕೆಳಗಿಡಿ. ಗೋಣಿಸೊಪ್ಪು ಮುರಿದ್ರೆ ನೀರು ಬರುತ್ತೆ, ಹಾಲು ಬರಲ್ಲ. ಇದು ಅದರ ಪಕ್ಕದಲ್ಲೇ ಹುಟ್ಟೋ ಬೇರೆ ಗಿಡ, ವಿಷ. ಬಾಯಿ ಹೊಟ್ಟೆ ಎಲ್ಲ ಸುಡುತ್ತೆ."

ಭಾವನ ಮೀಸೆ ಇಳಿಯಿತು. ಚಮಚ ಕೆಳಗಿಟ್ಟು ಕೈ ತೊಳೆದು ಬಂದ. ಬಟ್ಟಲ ಸೊಪ್ಪು ಕಸಕ್ಕೆ ಹೋಯಿತು, ಅಕ್ಕ ಎದ್ದು ಮೊಟ್ಟೆ ಬೇಯಿಸಿದಳು. ಗುಟ್ಟು ಮಾಡದೆ ಮೊದಲೇ ಗಿಡ ತೋರಿಸಿಕೊಟ್ಟಿದ್ದರೆ ಭಾವ ಕಣ್ಣಂದಾಜಿನಲ್ಲಿ ಕೀಳುತ್ತಿರಲಿಲ್ಲ ಎಂಬುದು ಬ್ರೇಕಮ್ಮನಿಗೆ ಚುಚ್ಚಿತು.

ಊಟವಾದ ಮೇಲೆ ಭಾವನನ್ನು ಹುಲ್ಲಿನ ಮೇಲೆ ಕೂರಿಸಿ ಪಾಠ ಶುರು ಮಾಡಿದಳು. ಮುರಿ, ನೋಡು, ಆಮೇಲೆ ಕೀಳು. ತಪ್ಪಿದಾಗೆಲ್ಲ ಶಿಷ್ಯರಿಗೆ ಬೈದಂತೆಯೇ ಬೈದಳು. ಅವನು ಬಾಯಿ ಮುಚ್ಚಿಕೊಂಡು ಬೈಸಿಕೊಂಡ, ಸಂಜೆಯ ಹೊತ್ತಿಗೆ ಕಲಿತೂ ಕಲಿತ.

ಮುಂದಿನ ಮಳೆಗೆ ಭಾವ ತಾನೇ ಹುಲ್ಲುಹಾಸಿನ ಅರ್ಧ ಅಗೆದು, ದಾರ ಕಟ್ಟಿ, ಅಳತೆಪಟ್ಟಿ ಹಿಡಿದು ಗೋಣಿಸೊಪ್ಪನ್ನು ಸಾಲಾಗಿ ಬಿತ್ತಿದ. ಅದು ಸಾಲು ಬಿಟ್ಟು ತನಗೆ ತೋಚಿದ ಕಡೆಗೆಲ್ಲ ಹರಡಿತು. ಒಂದು ಬೆಳಿಗ್ಗೆ ಅವನು ಕತ್ತರಿ ಹಿಡಿದು ಬೇಲಿಯಾಚೆಯಿಂದ ನಾದಿನಿಯನ್ನು ಕೂಗಿದ.

"ಲೇ, ಸ್ಟೂಲು ತಗೊಂಡು ಬಾ. ನನ್ನ ಸೊಪ್ಪಿನ ಮಡೀಲಿ ಹಾಳಾದ ಹುಲ್ಲು ಹುಟ್ಕೊಳ್ತಿದೆ."